ವಿಜಯಾ ಔಷಧಿ ತಗೊಳ್ಳೋ ರೋಗಿ ಎಷ್ಟು ಇಟ್ಕೋಬಹುದು, ಸರ್ಕಾರ ಬರೆದು ಹೇಳಲಿ

ಸಂಪಾದಕರಿಗೆ ನಮಸ್ಕಾರ,

ಗಾಂಜಾ ಹಿಡಿದ ಸುದ್ದಿ ನಿಮ್ಮ ಪೇಪರಲ್ಲಿ ವಾರಕ್ಕೆ ಎರಡು ಮೂರಾದ್ರೂ ಇರುತ್ತೆ, ಇಷ್ಟು ಕೆಜಿ, ಇಷ್ಟು ಲಕ್ಷದ ಮಾಲು ಅಂತ. ಅದೇ ಗಿಡದಿಂದ ಮಾಡಿದ ಔಷಧಿನ ವೈದ್ಯರು ಚೀಟಿ ಬರೆದು ಕೊಟ್ಟಾಗ ರೋಗಿ ಮನೇಲಿ ಎಷ್ಟು ಇಟ್ಕೋಬಹುದು, ಬಸ್ಸಲ್ಲಿ ಎಷ್ಟು ತಗೊಂಡು ಹೋಗಬಹುದು ಅಂತ ಮಾತ್ರ ಯಾರೂ ಬರೆಯಲ್ಲ. ಅದಕ್ಕೇ ಈ ಪತ್ರ.

ನಮ್ಮಮ್ಮನಿಗೆ ಕೀಮೋ ನಡೀತಿದ್ದಾಗ ವಾಂತಿ, ಊಟ ಸೇರದೇ ಇರೋದು, ರಾತ್ರಿಯೆಲ್ಲಾ ನಿದ್ದೆ ಇಲ್ಲ. ಆಗ ಒಬ್ರು ಆಯುರ್ವೇದ ವೈದ್ಯರು ವಿಜಯಾ ಸೇರಿಸಿದ ಎಣ್ಣೆ ಬರೆದುಕೊಟ್ರು, ದಿನಕ್ಕೆ ಕೆಲವು ಹನಿ. ವಿಜಯಾ ಅಂದ್ರೆ ನಮ್ಮೂರ ಕಡೆ ಭಂಗಿ ಅಂತಾರಲ್ಲ ಅದೇ. ಅಮ್ಮನಿಗೆ ಅದ್ರಿಂದ ಸ್ವಲ್ಪ ಊಟ ಸೇರೋಕೆ ಶುರುವಾಯ್ತು, ಕ್ಯಾನ್ಸರ್ ವಾಸಿ ಮಾಡುತ್ತೆ ಅಂತ ನಾನು ಹೇಳ್ತಿಲ್ಲ, ಯಾರೂ ಹಾಗೆ ನಂಬಬೇಡಿ. ಆದ್ರೆ ಚಿತ್ರದುರ್ಗದಿಂದ ಬೆಂಗಳೂರಿಗೆ ಆಸ್ಪತ್ರೆಗೆ ಓಡಾಡೋವಾಗ ಆ ಬಾಟಲಿಗಳು ಬ್ಯಾಗಲ್ಲಿ ಇದ್ರೆ ನನಗೆ ಜೀವದಲ್ಲಿ ಜೀವ ಇರ್ತಿರಲಿಲ್ಲ. ಗೊತ್ತಿರೋರನ್ನ ಕೇಳಿದ್ರೆ ಒಬ್ರು "ಒಂದು ಕೆಜಿ ತನಕ ಏನೂ ಆಗಲ್ಲ ಬಿಡಮ್ಮ" ಅಂದ್ರು, ಇನ್ನೊಬ್ರು "ಒಂದು ಗ್ರಾಂ ಸಿಕ್ರೂ ಒಳಗೆ ಹಾಕ್ತಾರೆ" ಅಂದ್ರು, ಮೆಡಿಕಲ್ ಶಾಪಿನೋರು "ಚೀಟಿ ಜೊತೇಲಿ ಇಟ್ಕೊಳ್ಳಿ, ದೇವರಿದ್ದಾನೆ" ಅಂದ್ರು. ಅಮ್ಮ ಈಗಿಲ್ಲ. ಪ್ರಶ್ನೆ ಹಾಗೇ ಉಳಿದಿದೆ, ಇನ್ನೆಷ್ಟು ಮನೆಗಳಲ್ಲಿ ಇದೇ ಹೆದರಿಕೆ ಇದೆಯೋ.

ಮೊದಲು ಆ ಒಂದು ಕೆಜಿ ಕಥೆ. ಬಹಳ ಜನ ಇದನ್ನ ಅನುಮತಿ ಅಂತ ತಿಳ್ಕೊಂಡಿದಾರೆ, ಇದು ಅಪಾಯದ ತಿಳುವಳಿಕೆ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕ ವಸ್ತುಗಳ ಕಾಯ್ದೆ ಪ್ರಕಾರ ಗಾಂಜಾ 1 ಕೆಜಿ ತನಕ ಇದ್ರೆ ಅದು "ಸಣ್ಣ ಪ್ರಮಾಣ", 20 ಕೆಜಿ ಮೇಲಿದ್ರೆ "ವಾಣಿಜ್ಯ ಪ್ರಮಾಣ", ಚರಸ್ (ಅದೇ ಗಿಡದ ಅಂಟು) ಆದ್ರೆ 100 ಗ್ರಾಂ ಮತ್ತೆ 1 ಕೆಜಿ. 2001ರಲ್ಲಿ ಕೇಂದ್ರ ಸರ್ಕಾರ ಈ ಲೆಕ್ಕ ಹಾಕಿದ್ದು ಶಿಕ್ಷೆ ಎಷ್ಟು ಕೊಡಬೇಕು ಅನ್ನೋದಕ್ಕೆ, ಇಟ್ಕೊಳ್ಳೋಕೆ ಪರ್ಮಿಷನ್ ಅಲ್ಲ. ಸಣ್ಣ ಪ್ರಮಾಣಕ್ಕೂ ಒಂದು ವರ್ಷದ ತನಕ ಕಠಿಣ ಜೈಲು, ಇಲ್ಲಾ 10 ಸಾವಿರದ ತನಕ ದಂಡ, ಇಲ್ಲಾ ಎರಡೂ. ಅದಕ್ಕಿಂತ ಜಾಸ್ತಿ ಆದ್ರೆ 10 ವರ್ಷದ ತನಕ, ವಾಣಿಜ್ಯ ಪ್ರಮಾಣಕ್ಕೆ ಕಡಿಮೆ ಅಂದ್ರೂ 10 ವರ್ಷ, 20ರ ತನಕ ಹೋಗಬಹುದು, ಜಾಮೀನೂ ಸುಲಭ ಇಲ್ಲ.

ಹಾಗಾದ್ರೆ ಔಷಧಿ ಹೇಗೆ ಮಾರ್ತಾರೆ ಅಂತ ಕೇಳಬಹುದು. ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಹೂವಿನ, ಕಾಯಿನ ತುದಿ ಮಾತ್ರ, ತುದಿ ಜೊತೆಗಿಲ್ಲದ ಎಲೆ ಮತ್ತೆ ಬೀಜ ಅದ್ರೊಳಗೆ ಬರಲ್ಲ. ಆದ್ದರಿಂದ ಎಲೆಯಿಂದ ಮಾಡಿದ ಔಷಧಿಗೆ ಆಯುರ್ವೇದದ ಲೈಸೆನ್ಸ್ ಮೇಲೆ ದಾರಿ ಇದೆ, ಭಂಗಿ ಅಂದ್ರೆ ಆ ಎಲೆನೇ, ಅದು ನಮ್ಮ ಔಷಧ ನಿಯಮಗಳ ಇ-1 ಪಟ್ಟಿಯಲ್ಲೇ (ವಿಷದ ಗುಣ ಇರೋ ಆಯುರ್ವೇದ ಪದಾರ್ಥಗಳ ಪಟ್ಟಿ) ಇದೆ, ವೈದ್ಯರ ನಿಗಾದಲ್ಲೇ ತಗೋಬೇಕು ಅಂತ ಲೇಬಲ್ ಮೇಲೆ ಎಚ್ಚರಿಕೆ ಹಾಕ್ಲೇಬೇಕು. 2022ರಲ್ಲಿ ನಮ್ಮ ಹೈಕೋರ್ಟೇ ಒಂದು ಜಾಮೀನು ಅರ್ಜಿಯಲ್ಲಿ ಭಂಗಿ ಈ ಕಾಯ್ದೆ ಕೆಳಗೆ ನಿಷೇಧ ಆಗಿರೋ ಪದಾರ್ಥ ಅಲ್ಲ ಅಂತ ಹೇಳಿದೆ.

ಓದೋಕೆ ಚೆನ್ನಾಗಿದೆ, ಆದ್ರೆ ಚೆಕ್‌ಪೋಸ್ಟಲ್ಲಿ ನಿಂತಿರೋ ಪೇದೆಗೆ ನಿಮ್ಮ ಬಾಟಲಿಯಲ್ಲಿರೋ ಹಸಿರು ಎಣ್ಣೆ ಎಲೆಯಿಂದ ಬಂದಿದ್ದಾ ಹೂವಿಂದ ಬಂದಿದ್ದಾ ಅಂತ ನೋಡಿದ ತಕ್ಷಣ ಹೇಗೆ ಗೊತ್ತಾಗಬೇಕು, ಸ್ಥಳದಲ್ಲಿ ಮಾಡೋ ಕಿಟ್ ಟೆಸ್ಟೂ ಅದನ್ನ ಹೇಳಲ್ಲ. ಲ್ಯಾಬಿಗೆ ಕಳಿಸಬೇಕು, ರಿಪೋರ್ಟ್ ಬರಬೇಕು, ಅಲ್ಲಿತನಕ ರೋಗಿ ಗತಿ ಏನು. ಇದ್ರ ಮೇಲೆ ಇನ್ನೊಂದಿದೆ, ಇದನ್ನ ರೋಗಿಗಳ ಮನೆಯೋರು ತಿಳ್ಕೊಂಡಿರ್ಲೇಬೇಕು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಏನು ಹೇಳ್ತು ಅಂದ್ರೆ, ಮಾದಕ ವಸ್ತು ಬೇರೆ ಯಾವುದ್ರ ಜೊತೆ ಕಲಸಿದ್ರೂ ಆ ಇಡೀ ಮಿಶ್ರಣದ ತೂಕ ಲೆಕ್ಕಕ್ಕೆ ಬರುತ್ತೆ, ಒಳಗಿರೋ ಮಾದಕದ ಅಂಶ ಮಾತ್ರ ಅಲ್ಲ. 2008ರ ತೀರ್ಪಲ್ಲಿ ಅಂಶ ಮಾತ್ರ ನೋಡಿ ಅಂತ ಇತ್ತು, ಅದು ಹೋಯ್ತು. ಕಳ್ಳಸಾಗಣೆ ಮಾಡೋರು ಹಿಟ್ಟು ಪುಡಿ ಬೆರೆಸಿ ತಪ್ಪಿಸ್ಕೊಳ್ತಾರೆ ಅನ್ನೋದಕ್ಕೆ ಈ ತೀರ್ಪು ಸರಿ, ನನಗೂ ಒಪ್ಪಿಗೆ. ಆದ್ರೆ ಔಷಧಿ ವಿಷಯದಲ್ಲಿ ಇದ್ರ ಅರ್ಥ ಏನು ಯೋಚ್ನೆ ಮಾಡಿ, ಬಾಟಲಿಯಲ್ಲಿ ಮುಕ್ಕಾಲು ಪಾಲು ಎಳ್ಳೆಣ್ಣೆ ಇದ್ರೂ, ಒಳಗಿರೋದು ಎಲೆಯ ಸಾರ ಅಲ್ಲ ಅಂತ ಪೊಲೀಸ್ರು ಪಟ್ಟು ಹಿಡಿದ್ರೆ ಎಳ್ಳೆಣ್ಣೆನೂ ತೂಕಕ್ಕೆ ಸೇರುತ್ತೆ.

ಬೇರೆ ಕಡೆ ಏನು ಮಾಡಿದಾರೆ ಅಂತ ಹುಡುಕಿ ಓದಿದೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ. ಕ್ಯಾಲಿಫೋರ್ನಿಯಾ 1996ರಲ್ಲಿ ಜನಮತ ಹಾಕಿ ವೈದ್ಯರ ಸಲಹೆ ಮೇಲೆ ಗಾಂಜಾಗೆ ದಾರಿ ಮಾಡ್ತು, ಆಮೇಲೆ ಶಾಸಕರು ರೋಗಿಗೆ 8 ಔನ್ಸ್, ಅಂದ್ರೆ ಸುಮಾರು 227 ಗ್ರಾಂ ಒಣಗಿದ್ದು ಮತ್ತೆ 6 ಬೆಳೆದ ಗಿಡ ಅಂತ ಮಿತಿ ಹಾಕಿದ್ರು, ಡಾಕ್ಟ್ರು ಸಾಲಲ್ಲ ಅಂದ್ರೆ ಜಾಸ್ತಿನೂ ಆಗಬಹುದಿತ್ತು. ಮಿಚಿಗನ್‌ನಲ್ಲಿ ಎರಡೂವರೆ ಔನ್ಸ್, 12 ಗಿಡ. ಪಕ್ಕಪಕ್ಕದ ಒರೆಗಾನ್, ವಾಷಿಂಗ್ಟನ್ ಕಥೆ ನೋಡಿ, ಅದು ನಮಗೆ ಬೇಕಾದ್ದು. ಒರೆಗಾನ್‌ನಲ್ಲಿ ರೋಗಿಗೆ 24 ಔನ್ಸ್ ಅಂತ ಸಂಖ್ಯೆ ಬಂತು. ವಾಷಿಂಗ್ಟನ್ ರಾಜ್ಯದ 1998ರ ಕಾನೂನಲ್ಲಿ ಮಾತ್ರ ಸಂಖ್ಯೆ ಇರ್ಲಿಲ್ಲ, "60 ದಿನಕ್ಕೆ ಸಾಕಾಗೋ ಅಷ್ಟು" ಅಂತ ಮಾತ್ರ. ಅರವತ್ತು ದಿನಕ್ಕೆ ಎಷ್ಟು ಅಂತ ರೋಗಿ ಒಂದು ಹೇಳಿದ್ರೆ ಪೊಲೀಸ್ರು ಇನ್ನೊಂದು ಹೇಳಬಹುದು. ಹತ್ತು ವರ್ಷ ಆದ್ಮೇಲೆ, 2008ರಲ್ಲಿ, ಅಲ್ಲಿನ ಆರೋಗ್ಯ ಇಲಾಖೆ 24 ಔನ್ಸ್, 15 ಗಿಡ ಅಂತ ಬರೆದಾಗ ಕೈಗೆ ಒಂದು ಅಳತೆ ಸಿಕ್ತು. ನಮ್ಮ ರೋಗಿಗಳಿಗೆ ಅರವತ್ತು ದಿನ ಅನ್ನೋ ಮಾತೂ ಇಲ್ಲ.

ಅಮೆರಿಕದಲ್ಲಿ ಮಕ್ಕಳಿರೋ ಮನೆಯೋರಿಗೆ ಇಲ್ಲೇ ಒಂದು ಮಾತು. ಅಲ್ಲಿ ಅಂಗಡೀಲಿ ಮಂಡಿನೋವಿಗೆ ಅಂತ ಗಾಂಜಾದ ಗಮ್ಮಿ, ಎಣ್ಣೆ ಕೊಂಡು ಸೂಟ್‌ಕೇಸಲ್ಲಿ ಹಾಕ್ಕೊಂಡು ಬರಬೇಡಿ, ಕೆಂಪೇಗೌಡ ಏರ್‌ಪೋರ್ಟಲ್ಲಿ ಇಳಿದ್ರೆ ಆ ರಾಜ್ಯದ ಮಿತಿ ಇಲ್ಲಿ ನಡೆಯಲ್ಲ. ಮಕ್ಕಳಿಗೂ ಹೇಳಿ, ಗಾಂಜಾ ಔಷಧಿಗೆ ಅಂತ ರಾಜ್ಯ ಕೊಟ್ಟ ಕಾರ್ಡ್ ಇದ್ರೂ ಅಲ್ಲಿನ ವಲಸೆ ಕಾನೂನು ಬೇರೆ, ಗ್ರೀನ್ ಕಾರ್ಡ್ ಇರೋರನ್ನ ಗಡೀಪಾರು ಮಾಡೋ ವಿಷಯದಲ್ಲಿ ವಿನಾಯಿತಿ ಇರೋದು ಸ್ವಂತಕ್ಕೆ ಇಟ್ಕೊಂಡ 30 ಗ್ರಾಂ ಒಳಗಿನ ಒಂದೇ ಒಂದು ಅಪರಾಧಕ್ಕೆ. ರಾಜ್ಯದಲ್ಲಿ ಕಾನೂನುಬದ್ಧ ಆಗಿದ್ರೂ ಪೌರತ್ವದ ಅರ್ಜಿಗೆ ಅಡ್ಡಿ ಆಗಬಹುದು ಅಂತ ಅಲ್ಲಿನ ಪೌರತ್ವ ಇಲಾಖೆ 2019ರಲ್ಲೇ ಸ್ಪಷ್ಟ ಮಾಡಿದೆ.

ನಮ್ಮ ದೇಶದ ವಿಷಯಕ್ಕೆ ಬಂದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರೋದು ಯಾಕೆ ಅಂದ್ರೆ, ರೋಗಿಗೆ ಸಂಖ್ಯೆ ಕೊಡೋದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ ಕೆಲಸ ಏನಲ್ಲ. ಇದೇ ಎನ್‌ಡಿಪಿಎಸ್ ನಿಯಮಗಳ 66ನೇ ನಿಯಮ ನೋಡಿ, ಆಲ್ಪ್ರಾಜೊಲಮ್, ಡಯಾಜೆಪಾಮ್ ತರದ ಮನಸ್ಸಿನ ಮೇಲೆ ಕೆಲಸ ಮಾಡೋ ಮಾತ್ರೆಗಳನ್ನ ಒಬ್ಬ ವ್ಯಕ್ತಿ ಸ್ವಂತ ಚಿಕಿತ್ಸೆಗೆ ಒಂದು ಸಲಕ್ಕೆ 100 ಡೋಸ್ ತನಕ ಇಟ್ಕೋಬಹುದು, ದೀರ್ಘ ಕಾಲದ ಕಾಯಿಲೆ ಅಂತ ವೈದ್ಯರು ಬರೆದುಕೊಟ್ರೆ 300 ತನಕ. ಎಷ್ಟು ಸರಳವಾಗಿದೆ. ಚೀಟಿ ತೋರಿಸಿ, ಮಾತ್ರೆ ಎಣಿಸಿ, ಮುಗೀತು. ಮನೇಲಿ ಮದ್ಯ ಎಷ್ಟು ಲೀಟರ್ ಇಟ್ಕೋಬಹುದು ಅಂತ ಅಬಕಾರಿ ನಿಯಮದಲ್ಲಿ ಲೆಕ್ಕ ಇದೆ, ಕುಡಿಯೋರಿಗೆ ಇರೋ ಸ್ಪಷ್ಟತೆ ಕೀಮೋ ಮಾಡಿಸ್ಕೊಳ್ಳೋರಿಗೆ ಬೇಡ್ವಾ?

ಜೋರು ನೋವಿಗೆ ಕೊಡೋ ಮಾರ್ಫಿನ್ ವಿಷಯದಲ್ಲೂ ಹೀಗೇ ಆಗಿತ್ತು. 1985ರ ಕಾಯ್ದೆ ಬಂದ್ಮೇಲೆ ಲೈಸೆನ್ಸ್ ಮೇಲೆ ಲೈಸೆನ್ಸ್, ಆಸ್ಪತ್ರೆಗಳು ಸಹವಾಸನೇ ಬೇಡ ಅಂತ ಮಾರ್ಫಿನ್ ಇಡೋದನ್ನೇ ಬಿಟ್ವು, ಕೊನೇ ಹಂತದ ಕ್ಯಾನ್ಸರ್ ರೋಗಿಗಳು ನೋವಲ್ಲೇ ಹೋದ್ರು. 2014ರಲ್ಲಿ ತಿದ್ದುಪಡಿ ತಂದು ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸರಳ ಮಾಡೋಕೆ ಸುಮಾರು ಮೂವತ್ತು ವರ್ಷ ಹಿಡೀತು. ವಿಜಯಾ ಔಷಧಿ ವಿಷಯದಲ್ಲೂ ಅಷ್ಟು ಕಾಯೋಕೆ ರೋಗಿಗಳ ಹತ್ರ ಟೈಮ್ ಇಲ್ಲ.

ದುರುಪಯೋಗ ಆಗುತ್ತೆ ಅನ್ನೋರ ಆತಂಕ ನನಗೆ ಅರ್ಥ ಆಗುತ್ತೆ, ಕಾಲೇಜು ಹುಡುಗ್ರ ಕೈಗೆ ಗಾಂಜಾ ಹೋಗ್ತಿರೋದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ಮಿತಿ ಬರೆದ್ರೆ ದುರುಪಯೋಗ ಮಾಡೋರೂ ಬೇಗ ಸಿಗ್ತಾರೆ, ಚೀಟಿಯಲ್ಲಿ ಎರಡು ಬಾಟಲಿ ಇದ್ದು ಡಿಕ್ಕಿಯಲ್ಲಿ ಐವತ್ತು ಇದ್ರೆ ಅಲ್ಲೇ ಗೊತ್ತಾಗುತ್ತೆ.

ದೆಹಲಿಗೆ ಕಾಯೋದೂ ಬೇಕಿಲ್ಲ. ಕಾಯ್ದೆಯ 10ನೇ ಸೆಕ್ಷನ್ ಚರಸ್ ಬಿಟ್ಟು ಉಳಿದ ಗಾಂಜಾ ರೂಪಗಳನ್ನ ಇಟ್ಕೊಳ್ಳೋದು, ಸಾಗಿಸೋದು, ಮಾರೋದು, ಉಪಯೋಗಿಸೋದು ಇದಕ್ಕೆಲ್ಲಾ ನಿಯಮ ಮಾಡೋ ಅಧಿಕಾರನ ರಾಜ್ಯಕ್ಕೇ ಕೊಟ್ಟಿದೆ. ನಮ್ಮ ಆಯುಷ್ ಇಲಾಖೆ, ಅಬಕಾರಿ, ಗೃಹ ಇಲಾಖೆಯೋರು ಒಟ್ಟಿಗೆ ಕೂತು ಲೈಸೆನ್ಸ್ ಇರೋ ವಿಜಯಾ ಔಷಧಿಗೆ ಒಂದು ತಿಂಗಳ ಚೀಟಿಗೆ ಇಷ್ಟು ಮಿಲಿಲೀಟರ್, ಇಷ್ಟು ಮಾತ್ರೆ, ದೂರದ ಊರಿನೋರಿಗೆ ಮೂರು ತಿಂಗಳದ್ದು ಅಂತ ಕನ್ನಡದಲ್ಲೇ ಸುತ್ತೋಲೆ ಹೊರಡಿಸಲಿ, ರೋಗಿ ಬದಲು ಮನೆಯೋರು ತರಬಹುದಾ ಅನ್ನೋದನ್ನೂ ಅದ್ರಲ್ಲಿ ಬರೀಲಿ ಯಾಕಂದ್ರೆ ಹಾಸಿಗೆ ಹಿಡಿದೋರು ತಾವೇ ಹೋಗಿ ತರೋಕಾಗಲ್ಲ. ಆ ಸಂಖ್ಯೆ ಬಾಟಲಿ ಲೇಬಲ್ ಮೇಲೂ ಇರಲಿ, ಪ್ರತಿ ಠಾಣೆಗೂ ಹೋಗಲಿ. ನಿಮ್ಮ ವರದಿಗಾರರು ಸಂಬಂಧಪಟ್ಟ ಮಂತ್ರಿಗಳನ್ನ ಈ ಒಂದು ಪ್ರಶ್ನೆ ಕೇಳಿ ಉತ್ತರ ಪ್ರಕಟಿಸಬೇಕು ಅಂತ ಕಳಕಳಿಯಿಂದ ಕೇಳ್ಕೊಳ್ತೀನಿ.

ಇಂತಿ,
ಒಬ್ಬ ಓದುಗಳು, ಚಿತ್ರದುರ್ಗ