ಒಮಾನ್‌ಗೆ ಹೊರಟವರು ನೀರಿನ ಲೆಕ್ಕವನ್ನೂ ಹಾಕಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಕೊಲ್ಲಿ ದೇಶಗಳ ಪ್ರವಾಸದ ಜಾಹೀರಾತುಗಳು ಪತ್ರಿಕೆಗಳಲ್ಲಿ ಹೆಚ್ಚುತ್ತವೆ. ದುಬೈ ನೋಡಿ ಮುಗಿಸಿದವರು ಈಗ ಒಮಾನ್ ಕಡೆ ತಿರುಗಿದ್ದಾರೆ. ನೋಡಲೇಬೇಕಾದ ದೇಶ, ಅನುಮಾನವಿಲ್ಲ. ಆದರೆ ಜಾಹೀರಾತಿನಲ್ಲಿ ಕಾಣುವುದು ಒಂಟೆ ಮತ್ತು ಮರಳು ದಿಬ್ಬ. ಬಿಸಿಲಿಗೆ ಟೋಪಿ, ಕನ್ನಡಕ ಹೊಂದಿಸಿಕೊಂಡು ಹೊರಡುವವರು ಅಲ್ಲಿ ಜೀವಕ್ಕೆ ಎರವಾಗುವ ನೀರಿನ ಬಗ್ಗೆ ಯೋಚಿಸಿರುವುದಿಲ್ಲ. ಹಾಗಾಗಿ ಈ ಪತ್ರ.

ಮೊದಲು ಕಾಲದ ಮಾತು. ನಮ್ಮ ಶಾಲೆಗಳ ಏಪ್ರಿಲ್-ಮೇ ರಜೆ ಒಮಾನ್‌ಗೆ ಹೊಂದುವುದೇ ಇಲ್ಲ. ಮೇ ತಿಂಗಳಲ್ಲಿ ಮಸ್ಕತ್ 40 ಡಿಗ್ರಿ ದಾಟುತ್ತದೆ. ಸಮುದ್ರದ ತೇವದಿಂದಾಗಿ ಮೈಯ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ಕಲಬುರಗಿಯ ಒಣ ಬಿಸಿಲು ತಾಳಿದವರೂ ಇಲ್ಲಿ ಅರ್ಧ ಗಂಟೆಯಲ್ಲಿ ತಲೆ ಸುತ್ತಿ ಕೂರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸುವುದನ್ನು ಅಲ್ಲಿನ ಸರ್ಕಾರವೇ ನಿಷೇಧಿಸಿದೆ. ಹೋಗಬೇಕಾದದ್ದು ನವೆಂಬರ್‌ನಿಂದ ಫೆಬ್ರುವರಿಯೊಳಗೆ. ಆಗ ಹಗಲು 25 ಡಿಗ್ರಿಯ ಆಸುಪಾಸು. ಮರಳುಗಾಡಿನ ರಾತ್ರಿಗೆ ಮಾತ್ರ ಸ್ವೆಟರ್ ಬೇಕು. ಒಂದು ತೊಡಕಿದೆ: ರಂಜಾನ್ ಈಗ ಇದೇ ಚಳಿಗಾಲದೊಳಗೆ ಬೀಳುತ್ತಿದೆ. ಆ ತಿಂಗಳು ಹಗಲಿನಲ್ಲಿ ಸಾರ್ವಜನಿಕವಾಗಿ ತಿನ್ನುವಂತಿಲ್ಲ, ನೀರೂ ಕುಡಿಯುವಂತಿಲ್ಲ. ಪ್ರವಾಸಿಗರಿಗೂ ಇದೇ ನಿಯಮ. ಚಿಕ್ಕ ಮಕ್ಕಳಿರುವವರು ಟಿಕೆಟ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಲಿ.

ಇನ್ನು ವಾದಿಗಳು. ಬೆಟ್ಟಗಳ ನಡುವಿನ ಕಣಿವೆ, ಒಣಗಿದ ಹಳ್ಳದ ಪಾತ್ರ, ನಡುನಡುವೆ ಹಸಿರು ನೀರಿನ ಮಡು. ಒಮಾನಿನ ಅತಿ ಚೆಲುವಾದ ಜಾಗಗಳೆಂದರೆ ಇವೇ. ಮಸ್ಕತ್‌ನಿಂದ ಸೂರ್ ಕಡೆಗೆ ಕರಾವಳಿ ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಹೋದರೆ ತಿವಿ ಊರಿನ ಬಳಿ ವಾದಿ ಶಾಬ್ ಸಿಗುತ್ತದೆ. ಸೇತುವೆಯ ಕೆಳಗೆ ಸಣ್ಣ ದೋಣಿಯಲ್ಲಿ ದಾಟಿ, ಮುಕ್ಕಾಲು ಗಂಟೆಯಷ್ಟು ಬಂಡೆಗಳ ಮೇಲೆ ನಡೆದು, ಆಮೇಲೆ ನೀರಿಗಿಳಿದು ಈಜುತ್ತಾ ಹೋಗಬೇಕು. ಕೊನೆಯಲ್ಲಿ ತಲೆ ಮಾತ್ರ ತೂರುವಷ್ಟು ಕಿರಿದಾದ ಸಂದಿಯ ಆಚೆ ಗುಹೆಯೊಳಗೆ ಜಲಪಾತ. ಫೋಟೊಗಳಲ್ಲಿ ಕಾಣುವುದು ಈ ಕೊನೆಯ ಭಾಗ. ಅಲ್ಲಿಗೆ ಹೋಗಲು ಕಾಲು ನಿಲ್ಲದ ನೀರಿನಲ್ಲಿ ಈಜಬೇಕು ಎಂಬುದು ಫೋಟೊದಲ್ಲಿ ತಿಳಿಯದು. ಈಜು ಬಾರದವರು ಮೊದಲ ಮಡುವಿನಲ್ಲೇ ನಿಲ್ಲಲಿ, ಅಥವಾ ಲೈಫ್ ಜಾಕೆಟ್ ಜತೆಗೊಯ್ಯಲಿ. ಹವಾಯಿ ಚಪ್ಪಲಿ ನಡೆಯುವುದಿಲ್ಲ: ಸುಣ್ಣಕಲ್ಲು ಜನರ ತುಳಿತಕ್ಕೆ ಸವೆದು ಸಾಬೂನಿನಂತೆ ಜಾರುತ್ತದೆ. ಹಿಡಿತವಿರುವ, ಒದ್ದೆಯಾದರೂ ತೊಂದರೆಯಿಲ್ಲದ ಬೂಟು ಬೇಕು. ಹೆಂಗಸರು ದುಪಟ್ಟಾ, ದೊಗಳೆ ಸಲ್ವಾರ್ ತೊಟ್ಟು ನೀರಿಗಿಳಿಯುವುದು ಅಪಾಯ. ಬಟ್ಟೆ ನೀರು ಕುಡಿದು ಕೆಳಗೆಳೆಯುತ್ತದೆ. ಮೈಗೆ ಅಂಟುವ ಲೆಗ್ಗಿಂಗ್ಸ್, ಮೇಲೊಂದು ತುಂಬುತೋಳಿನ ಟೀ ಶರ್ಟ್ ತೊಟ್ಟರೆ ಸ್ಥಳೀಯರ ಮರ್ಯಾದೆಗೂ ಸರಿ, ಈಜಿಗೂ ಸರಿ.

ಇದಕ್ಕಿಂತ ದೊಡ್ಡ ಅಪಾಯ ಹಠಾತ್ ಪ್ರವಾಹ. ಅಲ್ಲಿನ ಬೆಟ್ಟಗಳು ಬರೀ ಬಂಡೆ. ಮಳೆ ನೀರು ಹೀರಲು ಮಣ್ಣಿಲ್ಲ, ತಡೆಯಲು ಗಿಡವಿಲ್ಲ. ದೂರದ ಬೆಟ್ಟದ ಮೇಲೆ ಒಂದು ಗಂಟೆ ಮಳೆ ಸುರಿದರೆ ಸಾಕು, ನೀವು ನಿಂತ ಜಾಗದಲ್ಲಿ ಆಕಾಶ ನೀಲಿಯಾಗಿದ್ದರೂ ಕಣಿವೆಯಲ್ಲಿ ಕಲ್ಲು ಉರುಳಿಸಿಕೊಂಡು ಕೆಂಪು ನೀರು ಬರುತ್ತದೆ. ತಿಳಿನೀರು ಕದಡಿದರೆ, ಕಸಕಡ್ಡಿ ತೇಲಿ ಬಂದರೆ, ದೂರದಲ್ಲಿ ಗುಡುಗಿನಂಥ ಮೊರೆತ ಕೇಳಿದರೆ ಚೀಲ, ಮೊಬೈಲು ಎನ್ನದೆ ತಕ್ಷಣ ಎತ್ತರಕ್ಕೆ ಹತ್ತಬೇಕು. ಕಣಿವೆಯುದ್ದಕ್ಕೆ ಹಿಂದಕ್ಕೆ ಓಡಬಾರದು, ನೀರು ಓಟಕ್ಕಿಂತ ವೇಗ. ರಸ್ತೆಗಳೂ ಅನೇಕ ಕಡೆ ವಾದಿಯ ಪಾತ್ರವನ್ನೇ ಅಡ್ಡ ದಾಟುತ್ತವೆ. ಪಕ್ಕದಲ್ಲಿ ಕೆಂಪು-ಬಿಳಿ ಪಟ್ಟಿಯ ಅಳತೆ ಕಂಬ ನೆಟ್ಟಿರುತ್ತಾರೆ. ನೀರು ಹರಿಯುತ್ತಿದ್ದರೆ ಕಾರು ಇಳಿಸಬೇಡಿ. ಮೊಣಕಾಲುದ್ದದ ನೀರೂ ಕಾರನ್ನು ಎತ್ತಿ ತೇಲಿಸುತ್ತದೆ. ಹರಿಯುವ ವಾದಿಗೆ ಗಾಡಿ ಇಳಿಸುವುದು ಅಲ್ಲಿ ಜೈಲಿಗೆ ಹಾಕಬಹುದಾದ ಅಪರಾಧ. 2024ರ ಏಪ್ರಿಲ್‌ನ ಮಳೆಗೆ ಸಮದ್ ಅಲ್ ಶಾನ್ ಬಳಿ ಶಾಲಾ ಮಕ್ಕಳಿದ್ದ ವಾಹನವೇ ಕೊಚ್ಚಿಹೋಯಿತು. ಗಮನಿಸಿ, ಅದೂ ನಮ್ಮ ಬೇಸಿಗೆ ರಜೆಯ ತಿಂಗಳು.

ದಕ್ಷಿಣದ ಸಲಾಲಾ ಬೇರೆಯೇ ಕಥೆ. ನಮ್ಮ ಕರಾವಳಿಗೆ ಮಳೆ ತರುವ ನೈರುತ್ಯ ಮಾರುತವೇ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಖರೀಫ್ ಎಂಬ ತುಂತುರು, ಮಂಜು, ಹಸಿರು ಬೆಟ್ಟಗಳ ಕಾಲವಾಗುತ್ತದೆ. ಕೊಲ್ಲಿಯವರಿಗೆ ಅದು ಸ್ವರ್ಗ. ಆಗುಂಬೆ, ಮಡಿಕೇರಿ ಕಂಡವರು ಅದಕ್ಕಾಗಿ ಸಾವಿರಾರು ರೂಪಾಯಿ ಸುರಿಯಬೇಕೇ ಎಂದು ನನಗೆ ಅನುಮಾನ. ಧೂಪದ ಮರಗಳಿರುವ ವಾದಿ ದವ್ಕಾ, ಉದ್ದನೆಯ ಬಿಳಿ ಮರಳಿನ ದಡಗಳನ್ನು ನೋಡಲು ಚಳಿಗಾಲವೇ ಮೇಲು. ಖರೀಫ್‌ನಲ್ಲಿ ಹೋಗುವುದೇ ಆದರೆ ಸಮುದ್ರದಿಂದ ದೂರವಿರಿ. ಆಗ ಸಲಾಲಾ ಹತ್ತಿರದ ಮುಗ್ಸೈಲ್ ಕಡಲತೀರದ ಬಂಡೆಗಳಿಗೆ ಅಪ್ಪಳಿಸುವ ಅಲೆಗಳು ಆಷಾಢದ ಅರಬ್ಬಿ ಕಡಲಿನವೇ. 2022ರ ಜುಲೈಯಲ್ಲಿ ಅಲ್ಲಿ ಬೇಲಿ ದಾಟಿ ಬಂಡೆಗಿಳಿದ ಭಾರತೀಯರನ್ನು, ಮಕ್ಕಳೂ ಸೇರಿ, ಅಲೆ ಸೆಳೆದೊಯ್ದಿತ್ತು. ಬೇಲಿ ಇರುವುದು ಫೋಟೊ ಕೋನಕ್ಕೆ ಅಡ್ಡವಾಗಲಿಕ್ಕಲ್ಲ. ಮಸ್ಕತ್-ಸಲಾಲಾ ರಸ್ತೆ ಸುಮಾರು 1,000 ಕಿಲೋಮೀಟರ್. ನಡುವೆ ಬರೀ ಬಯಲು, ರಾತ್ರಿ ರಸ್ತೆಗೆ ಅಡ್ಡ ಬರುವ ಒಂಟೆಗಳು. ಒಂಟೆಯ ಕಾಲು ಉದ್ದ, ಡಿಕ್ಕಿಯಾದರೆ ಅದರ ಇಡೀ ಭಾರ ಗಾಜಿನ ಮೇಲೆಯೇ ಬೀಳುತ್ತದೆ. ರಾತ್ರಿ ಓಡಿಸಬೇಡಿ, ಇಲ್ಲವೇ ವಿಮಾನದಲ್ಲಿ ಹೋಗಿ.

ಕಾರು ಬಾಡಿಗೆಗೆ ಪಡೆಯುವವರು ಹೊರಡುವ ಮುನ್ನ ನಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ ಮಾಡಿಸಿಕೊಳ್ಳಲಿ. ಅಲ್ಲಿ ಬಲಬದಿಯ ಸಂಚಾರ. ವೃತ್ತದೊಳಗೆ ಎಡದಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು, ನಮ್ಮವರು ಎಡವುವುದು ಇಲ್ಲೇ. ಜಬಲ್ ಅಖ್ದರ್ ಬೆಟ್ಟಕ್ಕೆ ಬಿರ್ಕತ್ ಅಲ್ ಮೌಜ್ ಬಳಿಯ ಪೊಲೀಸ್ ಚೌಕಿಯಲ್ಲೇ ಸಾದಾ ಕಾರನ್ನು ವಾಪಸ್ ಕಳಿಸುತ್ತಾರೆ. ಫೋರ್ ವೀಲ್ ಡ್ರೈವ್ ಕಡ್ಡಾಯ. ವಹೀಬಾ ಮರಳುಗಾಡಿಗೂ ಅದೇ ಗಾಡಿ. ಒಳಹೋಗುವ ಮುನ್ನ ಟೈರಿನ ಗಾಳಿಯನ್ನು 15-18 ಪಿಎಸ್‌ಐ ಒತ್ತಡಕ್ಕೆ ಇಳಿಸಬೇಕು. ಆಗ ಟೈರು ಅಗಲವಾಗಿ ಹರಡಿ ಮರಳಿನ ಮೇಲೆ ನಿಲ್ಲುತ್ತದೆ. ದಿಬ್ಬವನ್ನು ನೇರ ಹತ್ತಿ ನೇರ ಇಳಿಯಬೇಕು, ಓರೆಯಾಗಿ ಹೋದರೆ ಗಾಡಿ ಉರುಳುತ್ತದೆ. ಹೂತುಕೊಂಡರೆ ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ, ಚಕ್ರಗಳ ಮುಂದಿನ ಮರಳು ತೋಡಿ, ಗಾಳಿಯನ್ನು ಇನ್ನೂ ಸ್ವಲ್ಪ ಇಳಿಸಿ, ಗಾಡಿಯನ್ನು ನಿಧಾನ ಓಡಿಸಿ ಹೊರತೆಗೆಯಿರಿ. ಡಾಂಬರಿಗೆ ಮರಳಿದ ಮೇಲೆ ಗಾಳಿ ತುಂಬಿಸದೆ ವೇಗವಾಗಿ ಹೋದರೆ ಟೈರು ಕಾದು ಸಿಡಿಯುತ್ತದೆ. ಮರಳುಗಾಡಿನ ಅಂಚಿನ ಬಿದಿಯಾ ಊರಿನಲ್ಲಿ ಗಾಳಿ ಇಳಿಸುವ, ತುಂಬುವ ಅಂಗಡಿಗಳಿವೆ. ಬಾಡಿಗೆ ಕರಾರಿನಲ್ಲಿ ಡಾಂಬರು ಬಿಟ್ಟರೆ ವಿಮೆ ಇಲ್ಲವೆಂದು ಬರೆದಿರುವುದೇ ಹೆಚ್ಚು, ಓದಿ ಸಹಿ ಹಾಕಿ. ನಿಜ ಹೇಳಬೇಕೆಂದರೆ, ಮೊದಲ ಸಲದವರು ತಾವು ತಂಗುವ ಮರಳುಗಾಡಿನ ಶಿಬಿರದವರ ಗಾಡಿಯಲ್ಲೇ ಹೋಗುವುದು ಕ್ಷೇಮ. ಶಿಬಿರಕ್ಕೆ ಸಸ್ಯಾಹಾರದ ವಿಷಯ ಮೊದಲೇ ತಿಳಿಸಿಡಿ.

ಮಸೀರಾ ದ್ವೀಪದೆದುರಿನ ಬರ್ ಅಲ್ ಹಿಕ್ಮಾನ್‌ನಂಥ ಕರಾವಳಿಯಲ್ಲಿ ಸಬ್ಖಾ ಎಂಬ ಉಪ್ಪಿನ ಬಯಲುಗಳಿವೆ. ಮೇಲೆ ಗಟ್ಟಿ ಹಕ್ಕಳೆ, ಕೆಳಗೆ ಕೆಸರು. ಹಕ್ಕಳೆ ಒಡೆದರೆ ಗಾಡಿ ಚಾಸಿಸ್‌ವರೆಗೆ ಇಳಿಯುತ್ತದೆ, ಮರಳಿನಂತೆ ತೋಡಿ ಎತ್ತಲಾಗದು. ಹಳೆಯ ಗಾಲಿ ಜಾಡು ಬಿಟ್ಟು ಅಲ್ಲಿ ಕದಲಬಾರದು, ಮಳೆಯಾದ ಮೇಲಂತೂ ಆ ಕಡೆ ಹೋಗಲೇಬಾರದು.

ಉಳಿದವು ಚುಟುಕಾಗಿ. ವೀಸಾವನ್ನು ರಾಯಲ್ ಒಮಾನ್ ಪೊಲೀಸರ ಜಾಲತಾಣದಲ್ಲೇ ಪಡೆಯಬಹುದು, ನಿಯಮವನ್ನೂ ಅಲ್ಲೇ ನೋಡಿ. ಒಂದು ರಿಯಾಲ್‌ಗೆ 1,000 ಬೈಸಾ. ಹೋಟೆಲ್ ಪಟ್ಟಿಯಲ್ಲಿ 1.500 ಎಂದಿದ್ದರೆ ಒಂದೂವರೆ ರಿಯಾಲ್, ಅಂದರೆ ಮುನ್ನೂರು ರೂಪಾಯಿಗಿಂತ ಹೆಚ್ಚು. ಮಸ್ಕತ್‌ನ ಸುಲ್ತಾನ್ ಖಾಬೂಸ್ ಮಹಾ ಮಸೀದಿಗೆ ಅನ್ಯಧರ್ಮೀಯರಿಗೆ ಪ್ರವೇಶ ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ, ಶುಕ್ರವಾರ ಇಲ್ಲ. ಹೆಂಗಸರು ಕೂದಲು, ಮಣಿಕಟ್ಟು, ಪಾದದ ಗಂಟಿನವರೆಗೆ ಮುಚ್ಚಿರಬೇಕು, ಗಂಡಸರು ಚಡ್ಡಿಯಲ್ಲಿ ಹೋಗುವಂತಿಲ್ಲ. ಮತ್ರಾ ಮಾರುಕಟ್ಟೆ ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತದೆ. ರಾಸ್ ಅಲ್ ಜಿನ್ಜ್ ಕಡಲತೀರದಲ್ಲಿ ಆಮೆ ನೋಡಲು ಮೊದಲೇ ಕಾಯ್ದಿರಿಸಬೇಕು, ಮಾರ್ಗದರ್ಶಿಯಿಲ್ಲದೆ ಬಿಡುವುದಿಲ್ಲ. ಅನುಮತಿಯಿಲ್ಲದ ಡ್ರೋನ್ ಒಯ್ಯಬೇಡಿ. ನಿದ್ದೆಮಾತ್ರೆ, ನೋವಿನ ಮಾತ್ರೆ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಕಟ್ಟಿಕೊಳ್ಳುವ ಮುಂಚೆ ನಿಯಮ ತಿಳಿದುಕೊಳ್ಳಿ. ಉಳಿದ ಮಾತ್ರೆಗಳನ್ನು ಮೂಲ ಸ್ಟ್ರಿಪ್‌ನಲ್ಲೇ, ವೈದ್ಯರ ಚೀಟಿಯೊಂದಿಗೆ ಇಡಿ. ದುಬೈ ಮೂಲಕ ಹೋಗುವವರು ಮಸಾಲೆ ಡಬ್ಬಿಯಿಂದ ಗಸಗಸೆ ತೆಗೆದಿಡಿ. ಅದು ಯುಎಇಯಲ್ಲಿ ನಿಷಿದ್ಧ, ಜೈಲಾದೀತು.

ಊರು ಬಿಟ್ಟು ಹೊರಡುವ ದಿನ ತಲೆಗೆ ಐದು ಲೀಟರ್ ನೀರು, ಒಆರ್‌ಎಸ್ ಪೊಟ್ಟಣ, ಮೊಬೈಲಿನಲ್ಲಿ ಮೊದಲೇ ಇಳಿಸಿಕೊಂಡ ನಕ್ಷೆ ಇರಲಿ. ಗಾಡಿ ಕೆಟ್ಟರೆ ಬಿಟ್ಟು ನಡೆಯಬೇಡಿ. ಮೇಲಿನಿಂದ ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ, ನೆರಳೂ ಅದೇ ಕೊಡುತ್ತದೆ. ತುರ್ತು ಸಂಖ್ಯೆ 9999. ಕರೆ ಸಿಕ್ಕ ಕೂಡಲೇ ಮೊದಲು ನಕ್ಷೆಯಲ್ಲಿ ಕಾಣುವ ಅಕ್ಷಾಂಶ-ರೇಖಾಂಶದ ಅಂಕಿ ಹೇಳಿ, ಏನಾಯಿತೆಂದು ಆಮೇಲೆ ಹೇಳಿ.

— ಮಸ್ಕತ್‌ನಿಂದ ಒಬ್ಬ ಕನ್ನಡಿಗ ಓದುಗ