ಯುರೋಪ್ ರೈಲು ಪ್ರವಾಸ: ಪೆಟ್ಟಿಗೆ ಕಟ್ಟುವ ದಿನಗಳನ್ನು ಎಣಿಸಿ

ಮಾನ್ಯರೇ,

ಯುರೋಪ್ ಪ್ರವಾಸದ ಬಗ್ಗೆ ಬರುವ ಜಾಹೀರಾತುಗಳಲ್ಲೂ ಬರಹಗಳಲ್ಲೂ ಒಂದೇ ಲೆಕ್ಕ ಕಾಣುತ್ತದೆ: ಇಷ್ಟು ದಿನಕ್ಕೆ ಇಷ್ಟು ದೇಶ. ಸ್ವಂತವಾಗಿ, ರೈಲಿನಲ್ಲಿ, ನಿಧಾನವಾಗಿ ಸುತ್ತಬೇಕೆನ್ನುವವರಿಗೆ ಈ ಲೆಕ್ಕ ಕೆಲಸಕ್ಕೆ ಬಾರದು. ಅವರು ಮೊದಲು ಎಣಿಸಬೇಕಾದದ್ದು ಪೆಟ್ಟಿಗೆ ಕಟ್ಟುವ ದಿನಗಳನ್ನು.

ಕಾರಣ ಸರಳ. ಒಂದು ಊರಿನಿಂದ ಮತ್ತೊಂದಕ್ಕೆ ರೈಲು ಎರಡೇ ಗಂಟೆ ಎಂದು ವೇಳಾಪಟ್ಟಿ ಹೇಳಬಹುದು. ಆದರೆ ಹಳೆಯ ಹೋಟೆಲಿನ ಕೋಣೆಯನ್ನು ಹನ್ನೊಂದರ ಹೊತ್ತಿಗೆ ಬಿಡಬೇಕು, ಹೊಸದು ಮಧ್ಯಾಹ್ನ ಮೂರರ ಮುಂಚೆ ಸಿಗುವುದು ಅಪರೂಪ. ನಡುವಿನ ಹೊತ್ತೆಲ್ಲ ಪೆಟ್ಟಿಗೆ ಕಾಯುವುದರಲ್ಲೇ ಕಳೆಯುತ್ತದೆ. ಎರಡು ಗಂಟೆಯ ಪ್ರಯಾಣ ಐದಾರು ಗಂಟೆಯನ್ನು ನುಂಗುತ್ತದೆ. ಹದಿನೈದು ರಾತ್ರಿಗೆ ಏಳು ಊರು ಹಾಕಿಕೊಂಡರೆ ಇಂಥ ಆರು ದಿನ ಹೋದವು. ನಾಲ್ಕು ಊರಾದರೆ ಮೂರೇ. ಉಳಿದ ದಿನಗಳಲ್ಲಿ ಬೆಳಿಗ್ಗೆ ಬರಿಗೈಯಲ್ಲಿ ಹೊರಟು ಸಂಜೆ ಅದೇ ಹಾಸಿಗೆಗೆ ಮರಳಬಹುದು.

ತಂಗುವ ಊರನ್ನು ಹೆಸರು ನೋಡಿ ಆರಿಸುವುದಕ್ಕಿಂತ ಅಲ್ಲಿಂದ ಎಷ್ಟು ಕಡೆಗೆ ರೈಲು ಕವಲೊಡೆಯುತ್ತದೆ ಎಂದು ನೋಡಿ ಆರಿಸುವುದು ಮೇಲು. ಒಂದು ಮಾದರಿ: ಬೆಲ್ಜಿಯಂನ ಬ್ರಸೆಲ್ಸ್ 4 ರಾತ್ರಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ 4, ಸ್ವಿಟ್ಜರ್ಲೆಂಡಿನ ಲುಸರ್ನ್ 3, ಇಟಲಿಯ ಬೊಲೊನ್ಯ 4. ಬ್ರಸೆಲ್ಸ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಫ್ರಾನ್ಸಿನ ವೇಗದ ರೈಲು ಟಿಜಿವಿ ನೇರವಾಗಿ ಸುಮಾರು ನಾಲ್ಕು ಗಂಟೆ; ಅಲ್ಲಿಂದ ಬಾಸೆಲ್‌ನಲ್ಲಿ ಒಮ್ಮೆ ಬದಲಿಸಿ ಲುಸರ್ನ್‌ಗೆ ಎರಡೂವರೆ, ಮೂರು ಗಂಟೆ; ಲುಸರ್ನ್‌ನಿಂದ ಮಿಲಾನ್‌ಗೆ ಮೂರೂವರೆ, ಅಲ್ಲಿಂದ ಬೊಲೊನ್ಯಕ್ಕೆ ಒಂದು ಗಂಟೆ. ವಿಮಾನದ ಟಿಕೆಟ್ಟನ್ನು ಬ್ರಸೆಲ್ಸ್‌ಗೆ ಹೋಗಿ ಇಟಲಿಯಿಂದ ಮರಳುವಂತೆ ತೆಗೆಯಬೇಕು. ಹೊರಟ ಊರಿಗೇ ವಾಪಸು ಬಂದು ವಿಮಾನ ಹತ್ತುವ ಯೋಜನೆಯಲ್ಲಿ ಒಂದು ದಿನವೂ ಒಂದು ದೊಡ್ಡ ಟಿಕೆಟ್ಟೂ ದಂಡ.

ಬ್ರಸೆಲ್ಸ್‌ನಲ್ಲಿ ಮುಖ್ಯ ನಿಲ್ದಾಣಗಳು ಮೂರು: ಮಿದಿ, ಸೆಂಟ್ರಲ್, ನಾರ್. ದೂರದ ಟಿಜಿವಿ, ಲಂಡನ್ ಮೊದಲಾದ ಕಡೆಗೆ ಹೋಗುವ ಯೂರೋಸ್ಟಾರ್ ವೇಗದ ರೈಲು ಹೊರಡುವುದು ಮಿದಿಯಿಂದ. ಹಾಗೆಂದು ಅಲ್ಲೇ ಕೋಣೆ ಹಿಡಿಯಬೇಕಿಲ್ಲ. ಗೆಂಟ್, ಬ್ರೂಗ್ಸ್, ಲೂವೆನ್, ಆಂಟ್‌ವರ್ಪ್ ಕಡೆಯ ರೈಲುಗಳು ಸೆಂಟ್ರಲ್‌ನಲ್ಲೂ ನಿಲ್ಲುತ್ತವೆ, ಹಳೆಯ ಚೌಕ ಅಲ್ಲಿಂದ ಐದು ನಿಮಿಷದ ನಡಿಗೆ. ಗೆಂಟ್‌ಗೆ ಅರ್ಧ ಗಂಟೆ, ಬ್ರೂಗ್ಸ್‌ಗೆ ಒಂದು ಗಂಟೆ. ಬೆಲ್ಜಿಯಂನಲ್ಲಿ ಎಡವುವುದು ಹೆಸರುಗಳಲ್ಲಿ. ಡಚ್ ಭಾಷೆಯ ಪ್ರದೇಶದ ಫಲಕಗಳಲ್ಲಿ ಲಿಯೇಜ್ ಎಂಬುದು ಲೌಕ್ ಆಗುತ್ತದೆ, ಮೋನ್ಸ್ ಬೆರ್ಗನ್ ಆಗುತ್ತದೆ, ಫ್ರಾನ್ಸಿನ ಲಿಲ್ ರೈಸಲ್ ಆಗುತ್ತದೆ. ಇದರ ಮೇಲೆ, ಫಲಕದಲ್ಲಿ ಬರೆಯುವುದು ರೈಲಿನ ಕೊನೆಯ ನಿಲ್ದಾಣವನ್ನು. ಬ್ರೂಗ್ಸ್‌ನಲ್ಲಿ ಸಂಜೆ ಬ್ರಸೆಲ್ಸ್ ರೈಲು ಹುಡುಕುತ್ತ ನಿಂತವರ ಮುಂದೆಯೇ 'ಓಯ್ಪೆನ್' (Eupen) ಎಂಬ ಫಲಕದ ರೈಲು ಹೋಗಿಬಿಡುತ್ತದೆ. ಅದು ಬ್ರಸೆಲ್ಸ್ ಹಾದು ಜರ್ಮನಿಯ ಗಡಿಯವರೆಗೆ ಹೋಗುವ ರೈಲು. ಬೊಲೊನ್ಯದಲ್ಲೂ ಹೀಗೆಯೇ: ಫ್ಲಾರೆನ್ಸ್‌ಗೆ ಹೋಗುವ ವೇಗದ ರೈಲಿನ ಮುಂದೆ ನಪೋಲಿ, ಸಲೆರ್ನೊ ಎಂದಿರುತ್ತದೆ. ಟಿಕೆಟ್ಟಿನಲ್ಲಿರುವ ರೈಲಿನ ಸಂಖ್ಯೆಯನ್ನು ಹಿಡಿದು ಹುಡುಕಿದರೆ ಗೊಂದಲವಿಲ್ಲ.

ಸ್ಟ್ರಾಸ್‌ಬರ್ಗ್‌ನಿಂದ ಕೊಲ್ಮಾರ್‌ಗೆ ಪ್ರಾದೇಶಿಕ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. 2017ರಿಂದ ನಗರದ ಟ್ರಾಮ್ ರೈನ್ ನದಿ ದಾಟಿ ಜರ್ಮನಿಯ ಕೇಲ್‌ಗೆ ಹೋಗುತ್ತದೆ. ಅಲ್ಲಿಂದ ಓಫೆನ್‌ಬುರ್ಗ್ ಮಾರ್ಗವಾಗಿ ಕಪ್ಪು ಅರಣ್ಯದ ಬೆಟ್ಟದ ರೈಲು ಸಿಗುತ್ತದೆ. ಟ್ರಾಮ್ ತಾನೇ ಎಂದು ಪಾಸ್‌ಪೋರ್ಟ್ ಕೋಣೆಯಲ್ಲಿ ಬಿಟ್ಟು ಹೊರಡಬಾರದು. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿತು. ಇನ್ನೊಂದು ಮಾತು ಪ್ರವಾಸಿ ಬರಹಗಳಲ್ಲಿ ಕಾಣುವುದೇ ಇಲ್ಲ: ಯುರೋಪಿಯನ್ ಸಂಸತ್ತಿನ ಪೂರ್ಣ ಅಧಿವೇಶನ ವರ್ಷಕ್ಕೆ ಹನ್ನೆರಡು ಬಾರಿ, ಸೋಮವಾರದಿಂದ ಗುರುವಾರದವರೆಗೆ ಸ್ಟ್ರಾಸ್‌ಬರ್ಗ್‌ನಲ್ಲಿ ಸೇರುತ್ತದೆ. ಆ ದಿನಗಳಲ್ಲಿ ಕೋಣೆಯ ಬಾಡಿಗೆ ಗಗನಕ್ಕೇರುತ್ತದೆ. ಅಧಿವೇಶನದ ದಿನಾಂಕಗಳು ಬಹಳ ಮೊದಲೇ ಪ್ರಕಟವಾಗುತ್ತವೆ, ಅವನ್ನು ನೋಡಿಯೇ ದಿನ ಗೊತ್ತುಮಾಡುವುದು ಜಾಣತನ. ಬೊಲೊನ್ಯದಲ್ಲಿ ವಾಣಿಜ್ಯ ಮೇಳಗಳ ವಾರಗಳಿಗೂ ಇದೇ ಎಚ್ಚರ ಬೇಕು.

ಲುಸರ್ನ್‌ನಲ್ಲಿ ಬೆಟ್ಟ ಹತ್ತುವ ದಿನವನ್ನು ಮೊದಲೇ ಕಾಯ್ದಿರಿಸಬೇಡಿ. ರಿಗಿ, ಪಿಲಾಟುಸ್ ಶಿಖರಗಳ ಮೇಲಿನ ಕ್ಯಾಮೆರಾ ಚಿತ್ರ ಅಂತರ್ಜಾಲದಲ್ಲಿ ಬೆಳಿಗ್ಗೆಯೇ ಕಾಣುತ್ತದೆ. ಮೋಡವಿದ್ದರೆ ಬರ್ನ್ ನಗರಕ್ಕೆ ಹೋಗಿ, ಅದು ಒಂದು ಗಂಟೆಯ ದಾರಿ. ಸ್ವಿಸ್ ಒಳನಾಡಿನ ಸಾಮಾನ್ಯ ರೈಲುಗಳಲ್ಲಿ ಆಸನ ಕಾಯ್ದಿರಿಸುವ ಗೊಡವೆಯಿಲ್ಲ, ಹಾಗಾಗಿ ಮನಸ್ಸು ಬದಲಿಸಿದರೆ ನಷ್ಟವೂ ಇಲ್ಲ. ಮುಂದೆ ಇಟಲಿಗೆ ಹೋಗುವಾಗ ಒಂದು ಆಯ್ಕೆ ಇದೆ. ವೇಗದ ರೈಲು 2016ರಲ್ಲಿ ತೆರೆದ, ಆಲ್ಪ್ಸ್ ಪರ್ವತದಡಿ ಹಾಯುವ 57 ಕಿಲೋಮೀಟರ್ ಉದ್ದದ ಗೊಟಾರ್ಡ್ ತಳಸುರಂಗದಲ್ಲಿ ಹೋಗುತ್ತದೆ. ಅಷ್ಟು ಹೊತ್ತು ಕಿಟಕಿಯಲ್ಲಿ ಕಾಣುವುದು ನಮ್ಮದೇ ಮುಖ. ಹಳೆಯ ಬೆಟ್ಟದ ಮಾರ್ಗದಲ್ಲಿ ಹೋಗುವ 'ಟ್ರೆನೊ ಗೊಟಾರ್ಡೊ' ಸುಮಾರು ಒಂದು ಗಂಟೆ ಹೆಚ್ಚು ತೆಗೆದುಕೊಳ್ಳುತ್ತದೆ. ಆದರೆ ಸುರುಳಿ ಸುರಂಗಗಳಲ್ಲಿ ಸುತ್ತಿ ಸುತ್ತಿ ಏರುವಾಗ ವಾಸನ್ ಊರಿನ ಪುಟ್ಟ ಚರ್ಚು ಮೂರು ಬಾರಿ, ಮೂರು ಎತ್ತರದಿಂದ ಕಾಣಿಸುತ್ತದೆ. ಬಿಡುವಿನ ಪ್ರವಾಸವೆಂದ ಮೇಲೆ ಆ ಒಂದು ಗಂಟೆಗೆ ಜಿಪುಣತನ ಏಕೆ?

ಬೊಲೊನ್ಯದಿಂದ ಮೋದೆನಾ, ಫೆರಾರಾ ಅರ್ಧ ಗಂಟೆಯ ಆಚೀಚೆ, ಪಾರ್ಮಾ ಒಂದು ಗಂಟೆ, ಮೊಸಾಯಿಕ್‌ಗಳ ರವೆನ್ನಾ ಒಂದೂಕಾಲು ಗಂಟೆ, ಫ್ಲಾರೆನ್ಸ್ ವೇಗದ ರೈಲಿನಲ್ಲಿ ನಲವತ್ತೇ ನಿಮಿಷ. ನಿಲ್ದಾಣ ಮಾತ್ರ ಚಕ್ರವ್ಯೂಹ. ವೇಗದ ರೈಲುಗಳ 16ರಿಂದ 19ರವರೆಗಿನ ಪ್ಲಾಟ್‌ಫಾರ್ಮುಗಳು ನೆಲದಡಿ ಬಹಳ ಆಳದಲ್ಲಿವೆ, ಇಳಿಯಲು ಹತ್ತು ನಿಮಿಷ ಇಟ್ಟುಕೊಳ್ಳಬೇಕು. 'ಓವೆಸ್ಟ್' ಎಂದು ಸೇರಿಸಿದ ಪಶ್ಚಿಮ ಪ್ಲಾಟ್‌ಫಾರ್ಮುಗಳು ಬೇರೆಯೇ ಇವೆ. '3' ಮತ್ತು '3 ಓವೆಸ್ಟ್' ಒಂದೇ ಎಂದುಕೊಂಡವರು ರೈಲು ತಪ್ಪಿಸಿಕೊಳ್ಳುತ್ತಾರೆ. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮೊಬೈಲ್ ಟಿಕೆಟ್ಟಾದರೆ ಚೆಕ್-ಇನ್ ಮಾಡಬೇಕು. ಹಣ ಕೊಟ್ಟಿದ್ದರೂ ಇದನ್ನು ಮರೆತರೆ ದಂಡ ತಪ್ಪದು.

ದಿನದ ಪ್ರವಾಸಕ್ಕೆ ಒಂದು ಗಡಿ ಹಾಕಿಕೊಳ್ಳಬೇಕು. ಒಂದು ಕಡೆಗೆ ತೊಂಬತ್ತು ನಿಮಿಷ ಮೀರಿದರೆ ಅದು ದಿನದ ಪ್ರವಾಸವಾಗಿ ಉಳಿಯುವುದಿಲ್ಲ. ರೈಲಿನ ಸಮಯಕ್ಕೆ ಎರಡೂ ತುದಿಯಲ್ಲಿ ಇಪ್ಪತ್ತು ನಿಮಿಷ ಸೇರಿಸಿ ಲೆಕ್ಕ ಹಾಕಿ. ಗೆಂಟ್ ನಿಲ್ದಾಣದಿಂದ ಹಳೆಯ ಊರಿಗೆ ಟ್ರಾಮ್ ಹಿಡಿಯಬೇಕು, ಬ್ರೂಗ್ಸ್‌ನಲ್ಲಿ ಇಪ್ಪತ್ತು ನಿಮಿಷ ನಡೆಯಬೇಕು. ವೆನಿಸ್ ಬೊಲೊನ್ಯದಿಂದ ಒಂದೂವರೆ ಗಂಟೆ, ಗಡಿಯ ಮೇಲೇ ಇದೆ. 2024ರಿಂದ ಕೆಲವು ನಿಗದಿತ ದಿನಗಳಲ್ಲಿ ದಿನದ ಪ್ರವಾಸಿಗರಿಗೆ ಅಲ್ಲಿ ಪ್ರವೇಶ ಶುಲ್ಕವೂ ಇದೆ. ಆ ಊರಿನ ಸೊಗಸು ಹಗಲಿನ ಜನಜಂಗುಳಿ ಕರಗಿದ ಮೇಲಿನದು. ನೋಡುವುದಾದರೆ ಒಂದೆರಡು ರಾತ್ರಿ ಅಲ್ಲೇ ತಂಗಿ, ಇಲ್ಲವೇ ಈ ಸಲಕ್ಕೆ ಬಿಡಿ. ವಾರದ ರಜೆಗಳನ್ನೂ ಮೊದಲೇ ನೋಡಿಕೊಳ್ಳಬೇಕು: ಫ್ಲಾರೆನ್ಸ್‌ನ ಉಫಿಝಿ ಕಲಾ ಸಂಗ್ರಹಾಲಯ ಸೋಮವಾರ ಮುಚ್ಚಿರುತ್ತದೆ. ಪ್ಯಾರಿಸ್ ಸೇರಿಸಿಕೊಂಡವರಿಗೆ, ಲೂವ್ರ್ ಸಂಗ್ರಹಾಲಯಕ್ಕೆ ಮಂಗಳವಾರ ರಜೆ, ವರ್ಸೇ ಅರಮನೆಗೆ ಸೋಮವಾರ; ಲೂವ್ರ್ ಮುಚ್ಚಿದ ದಿನ ಜನ ವರ್ಸೇ ಕಡೆ ನುಗ್ಗುತ್ತಾರೆ.

ಇನ್ನು ಟಿಕೆಟ್ಟು. ಟಿಜಿವಿ, ಯೂರೋಸ್ಟಾರ್, ಇಟಲಿಯ ಫ್ರೆಚ್ಚಾರೊಸ್ಸಾ, ಸ್ಪೇನಿನ ಆವೆ, ಈ ವೇಗದ ರೈಲುಗಳಲ್ಲಿ ಆಸನ ಕಾಯ್ದಿರಿಸುವುದು ಕಡ್ಡಾಯ. ಬೇಡಿಕೆ ಏರಿದಂತೆ ದರವೂ ಏರುತ್ತದೆ, ಆದ್ದರಿಂದ ಮಾರಾಟ ತೆರೆದ ಕೂಡಲೇ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಮುಂಚೆ, ಕೊಳ್ಳುವುದು ಲಾಭ. ಜರ್ಮನಿಯ ವೇಗದ ರೈಲು ಐಸಿಇಯಲ್ಲಿ ಆಸನ ಕಾಯ್ದಿರಿಸುವುದು ಐಚ್ಛಿಕ. ಪ್ರಾದೇಶಿಕ ರೈಲುಗಳಿಗೆ ದರ ಸ್ಥಿರ, ಅದೇ ದಿನ ಕೊಂಡರೂ ಏರುವುದಿಲ್ಲ. ಹಲವು ದೇಶಗಳ ರೈಲುಗಳಿಗೆ ನಡೆಯುವ ಯುರೇಲ್ ಪಾಸಿನ ಲೆಕ್ಕ ತಪ್ಪುವುದು ಇಲ್ಲೇ. ಮೇಲಿನ ಮಾದರಿಯಲ್ಲಿ ದೂರದ ಓಡಾಟ ಮೂರೇ, ಉಳಿದವೆಲ್ಲ ಹತ್ತಿರದ, ಅಗ್ಗದ ಊರುಗಳು. ತಿಂಗಳಲ್ಲಿ ಏಳು ದಿನದ ಪಾಸು ಕೊಂಡರೆ ನಾಲ್ಕು ದಿನವನ್ನು ಕೆಲವೇ ಯೂರೋಗಳ ಪ್ರಯಾಣಕ್ಕೆ ಸುರಿದಂತಾಗುತ್ತದೆ. ಪಾಸಿದ್ದರೂ ಕಡ್ಡಾಯ ಆಸನದ ಶುಲ್ಕ ಬೇರೆ ಕೊಡಬೇಕು, ಟಿಜಿವಿ ಮತ್ತು ಯೂರೋಸ್ಟಾರ್‌ನಲ್ಲಿ ಪಾಸಿನವರಿಗೆ ಮೀಸಲಾದ ಆಸನಗಳೂ ಮಿತ. ದೂರದ ಓಡಾಟ ಹೆಚ್ಚಿದ್ದು, ದಿನಾಂಕ ಖಚಿತವಿಲ್ಲದವರಿಗೆ ಮಾತ್ರ ಪಾಸು ಹೊಂದುತ್ತದೆ. ಹೆಸರಲ್ಲೂ ಎಚ್ಚರ: ಇಂಟರ್‌ರೇಲ್ ಯುರೋಪಿನ ನಿವಾಸಿಗಳಿಗೆ, ಯುರೇಲ್ ಹೊರಗಿನವರಿಗೆ.

ಬದಲಿ ರೈಲಿನ ನಡುವಿನ ಅಂತರದಲ್ಲಿ ಉಳಿತಾಯ ಮಾಡಬೇಡಿ. ಜರ್ಮನಿಯ ದೂರದ ರೈಲುಗಳಲ್ಲಿ 2024ರಲ್ಲಿ ಸಮಯಕ್ಕೆ ಬಂದವು ಶೇ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ಸಮಯಕ್ಕೆ ಸರಿ ಎಂದು ಎಣಿಸಿದ ಮೇಲೆ. ಪೂರ್ತಿ ದಾರಿಗೆ ಒಂದೇ ಟಿಕೆಟ್ ಇದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ರೈಲಿಗೆ ಕಳಿಸುವ ಹೊಣೆ ರೈಲ್ವೆಯದು. ಎರಡು ಕಂಪನಿಗಳ ಎರಡು ಟಿಕೆಟ್ ಬೇರೆ ಬೇರೆ ಕೊಂಡಿದ್ದರೆ ಆ ರಕ್ಷಣೆ ಸಾಮಾನ್ಯವಾಗಿ ಇರದು. ಹಾಗಾಗಿ ಮಿಲಾನ್‌ನಲ್ಲಿ ಸ್ವಿಸ್ ಕಡೆಯಿಂದ ಬಂದು ಫ್ರೆಚ್ಚಾರೊಸ್ಸಾ ಹಿಡಿಯುವಾಗ ಒಂದು ಗಂಟೆಯಾದರೂ ಬಿಡಬೇಕು. ಐರೋಪ್ಯ ಒಕ್ಕೂಟದ ನಿಯಮದಂತೆ 60ರಿಂದ 119 ನಿಮಿಷ ತಡವಾದರೆ ಟಿಕೆಟ್ಟಿನ ಶೇ 25, 120 ನಿಮಿಷ ಅಥವಾ ಅದಕ್ಕೂ ಹೆಚ್ಚಾದರೆ ಶೇ 50 ಪರಿಹಾರ ಕೇಳಬಹುದು. ವಿಪರೀತ ಹವಾಮಾನದಂಥ ಕಾರಣಕ್ಕೆ ವಿನಾಯಿತಿಯಿದೆ. ಇಟಲಿಯಲ್ಲಿ ಮುಷ್ಕರಗಳನ್ನು ಮೊದಲೇ ಘೋಷಿಸುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆ ಇರುತ್ತದೆ.

ವೀಸಾ ವಿಷಯದಲ್ಲಿ ರಾತ್ರಿಗಳ ಲೆಕ್ಕವೇ ನಿರ್ಣಾಯಕ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟವೇ ಷೆಂಗೆನ್. ಅದರ ವೀಸಾ ಅರ್ಜಿಯನ್ನು ಹೆಚ್ಚು ದಿನ ಇರುವ ದೇಶಕ್ಕೆ ಸಲ್ಲಿಸಬೇಕು, ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಮೇಲಿನ ಮಾದರಿಯಲ್ಲಿ ಬೆಲ್ಜಿಯಂ, ಫ್ರಾನ್ಸ್, ಇಟಲಿ ಮೂರಕ್ಕೂ ನಾಲ್ಕು ರಾತ್ರಿ, ಆದ್ದರಿಂದ ಬೆಲ್ಜಿಯಂ. ಬೊಲೊನ್ಯದಲ್ಲಿ ಐದನೆಯ ರಾತ್ರಿ ಸೇರಿಸಿದರೆ ಇಟಲಿ. ಅರ್ಜಿ ಹಾಕುವ ಅವಕಾಶ ಆರು ತಿಂಗಳ ಮೊದಲಿನಿಂದ ಹದಿನೈದು ದಿನ ಮೊದಲಿನವರೆಗೆ. ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೋ, ಆರೋಗ್ಯ ವಿಮೆ ಕನಿಷ್ಠ 30,000 ಯೂರೋಗಳದ್ದಾಗಿರಬೇಕು. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಕೋಣೆಗಳನ್ನಷ್ಟೇ ಹಿಡಿದಿಟ್ಟು, ಹಣ ವಾಪಸಾಗದ ಅಗ್ಗದ ರೈಲು ಟಿಕೆಟ್ ಅನಂತರ ಕೊಳ್ಳಿ. ಬ್ರಸೆಲ್ಸ್‌ನಿಂದ ಲಂಡನ್ ಎರಡೇ ಗಂಟೆ ಎಂಬ ಆಸೆ ಹುಟ್ಟಬಹುದು. ಬ್ರಿಟನ್ ಷೆಂಗೆನ್‌ನ ಹೊರಗಿದೆ, ಅದಕ್ಕೆ ಪ್ರತ್ಯೇಕ ವೀಸಾ ಬೇಕು. ಜೊತೆಗೆ ಏಕಪ್ರವೇಶದ ಷೆಂಗೆನ್ ವೀಸಾದಲ್ಲಿ ಹೋದವರು ಬ್ರಸೆಲ್ಸ್‌ನ ಕೋಣೆಗೆ ಮರಳಲಾರರು.

ಸಾಮಾನಿನ ಅಳತೆಗೋಲು ಒಂದೇ: ಅವರವರ ಪೆಟ್ಟಿಗೆಯನ್ನು ಅವರವರೇ ಮೂರು ಮೆಟ್ಟಿಲು ಎತ್ತಬಲ್ಲರೇ? ನಡುವಿನ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಎರಡು ಮೂರು ನಿಮಿಷ. ಪ್ಲಾಟ್‌ಫಾರ್ಮಿನ ಎ, ಬಿ, ಸಿ ವಿಭಾಗಗಳಲ್ಲಿ ಯಾವ ಬೋಗಿ ಎಲ್ಲಿ ನಿಲ್ಲುತ್ತದೆಂದು ಫಲಕ ತೋರಿಸುತ್ತದೆ, ಮೊದಲೇ ಅಲ್ಲಿ ಹೋಗಿ ನಿಲ್ಲಬೇಕು. ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗಿ ಬೇರ್ಪಟ್ಟು ಎರಡು ದಿಕ್ಕಿಗೆ ಹೋಗುತ್ತವೆ, ಬೋಗಿಯ ಮೇಲಿನ ಊರಿನ ಹೆಸರು ಓದಿಯೇ ಹತ್ತಿ. ಪೆಟ್ಟಿಗೆ ಕಳ್ಳರು ಆರಿಸಿಕೊಳ್ಳುವುದು ಬಾಗಿಲು ಮುಚ್ಚುವ ಕೊನೆಯ ಗಳಿಗೆಯನ್ನು, ಆಗ ಕಣ್ಣು ಸಾಮಾನಿನ ಮೇಲಿರಲಿ.

ವೇಳಾಪಟ್ಟಿ ಪ್ರತಿ ಡಿಸೆಂಬರಿನ ಎರಡನೆಯ ವಾರಾಂತ್ಯದಲ್ಲಿ ಯುರೋಪಿನಾದ್ಯಂತ ಬದಲಾಗುತ್ತದೆ. ಪ್ಯಾರಿಸ್–ವಿಯೆನ್ನಾ ನಡುವಿನ ನೈಟ್‌ಜೆಟ್ ರಾತ್ರಿರೈಲು 2025ರ ಡಿಸೆಂಬರಿನಲ್ಲಿ ನಿಂತುಹೋಯಿತು, ಅದನ್ನು ಶಿಫಾರಸು ಮಾಡುವ ಹಳೆಯ ಬರಹಗಳು ಮಾತ್ರ ಇನ್ನೂ ಓಡಾಡುತ್ತಿವೆ. ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಇಂಥ ಬರಹ ಅಚ್ಚಾಗುವಾಗ ಕೊನೆಯಲ್ಲೊಂದು ಚಿಕ್ಕ ಚೌಕ ಹಾಕಿ, ಇಳಿಯಬೇಕಾದ ನಿಲ್ದಾಣದ ಸ್ಥಳೀಯ ಹೆಸರು, ರೈಲಿನ ಅವಧಿ, ನೋಡುವ ಜಾಗದ ವಾರದ ರಜೆ ಮತ್ತು ಈ ವಿವರ ಯಾವ ತಿಂಗಳಿನದು ಎಂಬುದನ್ನು ಕೊಡಬೇಕೆಂದು ವಿನಂತಿ.

ಇಂತಿ,
ರೈಲು ಪ್ರವಾಸಾಸಕ್ತ ಓದುಗ