ಬೂಸ್ಟರ್ ಬೇಕು ಅಂತ ಬರೋ ಹಳೆ ಗಾಡಿ ಮಾಲಕರಿಗೆ

ಎಲ್ಲಾರಿಗೂ ನಮಸ್ಕಾರ್ರಿ. ಬರೋ ತಿಂಗಳು ಒಂದನೇ ತಾರೀಖಿನಿಂದ ನಮ್ಮ ಗ್ಯಾರೇಜಿನಾಗ ಬರೇ ಬ್ರೇಕ್ ಬೂಸ್ಟರ್ (ಬ್ರೇಕ್ ಒತ್ತುವಾಗ ಕಾಲಿಗೆ ಸಹಾಯ ಮಾಡೋ ಡಬ್ಬಿ) ತಂದು ಕೂಡಿಸಿ ಕೊಡೋದು ಬಂದ್ ಮಾಡ್ಲತ್ತೀವಿ. ಅಂಬಾಸಿಡರ್ ಇರ್ಲಿ, ಪದ್ಮಿನಿ ಇರ್ಲಿ, ಕಾಂಟೆಸ್ಸಾ ಇರ್ಲಿ, ಜೀಪ್ ಇರ್ಲಿ, ಮೊದ್ಲ ಇಂಜಿನ್ನಿಗೆ ವ್ಯಾಕ್ಯೂಮ್ ಗೇಜ್ (ಇಂಜಿನ್ ಗಾಳಿ ಎಷ್ಟು ಎಳೀತದ ಅಂತ ತೋರಿಸೋ ಮೀಟರ್) ಹಚ್ಚಿ ನೋಡ್ತೀವಿ, ಆಮ್ಯಾಲ ಏನು ಹಾಕಬೇಕಂತ ಹೇಳ್ತೀವಿ. ಈ ಚೆಕಿಂಗಿಗೆ 600 ರೂಪಾಯಿ ಬ್ಯಾರೆ. ಸುದ್ದಿ ಕೇಳೇ ಭಾಳ ಮಂದಿ ಸಿಟ್ಟಾಗ್ಯಾರ, ತ್ರಾಸ ಆಗ್ತದಂತ ನಮಗೂ ಗೊತ್ತದ, ಕ್ಷಮಿಸ್ರಿ, ಆದ್ರ ಪೂರ್ತಿ ಓದಿ ಆಮ್ಯಾಲ ಬೈರಿ.

ನಾವು ಕೇಳಿ ಕೇಳಿ ಸಾಕಾದ ಮಾತು ಒಂದದ. "ರೊಕ್ಕ ಕೊಟ್ಟು ಬೂಸ್ಟರ್ ಹಾಕ್ಸೀವಿ, ಪೆಡಲ್ ಮೊದ್ಲಿಗಿಂತ ಗಟ್ಟಿ ಆಗ್ಯದ, ಡೂಪ್ಲಿಕೇಟ್ ಮಾಲ್ ಕೊಟ್ಟೀರಿ." ಹಿಂಗ ಅಂದವರ ಬೂಸ್ಟರ್ ಬಿಚ್ಚಿ, ಅವರ ಕಣ್ಮುಂದೇ ಬ್ಯಾರೆ ಗಾಡಿಗೆ ಹಚ್ಚಿ ತೋರಿಸೇವಿ, ಅಲ್ಲಿ ಚಂದಾಗಿ ಕೆಲಸ ಮಾಡ್ಯದ. ಬೂಸ್ಟರಿಗೆ ತನ್ನ ಸ್ವಂತ ತಾಕತ್ತು ಇಲ್ರಿ. ಒಳಗಿನ ಡಯಾಫ್ರಮ್ಮಿನ (ರಬ್ಬರ್ ಪರದೆ) ಒಂದು ಕಡೆ ಇಂಜಿನ್ ಗಾಳಿ ಎಳಕೋತದ, ಇನ್ನೊಂದು ಕಡೆ ಹೊರಗಿನ ಗಾಳಿ ಒತ್ತತದ, ಎರಡರ ನಡುವಿನ ಫರಕೇ ನಿಮ್ಮ ಕಾಲಿಗೆ ಸಹಾಯ. 7 ಇಂಚು ಅಗಲದ ಬೂಸ್ಟರಿಗೆ 20 ಇಂಚು ವ್ಯಾಕ್ಯೂಮ್ (ಇದು ಗೇಜಿನ ಪಾದರಸದ ಇಂಚು, ಅಳತಿ ಪಟ್ಟಿದಲ್ಲ) ಸಿಕ್ಕ್ರ ಲೆಕ್ಕದ ಪ್ರಕಾರ ಸುಮಾರು 170 ಕೆಜಿ ಒತ್ತತದ, 10 ಇಂಚೇ ಸಿಕ್ಕ್ರ ಅದರ ಅರ್ಧ. ಛಲೋ ಪೆಟ್ರೋಲ್ ಇಂಜಿನ್ ಐಡಲ್‌ನಾಗ 17ರಿಂದ 21 ಇಂಚು ಕೊಡ್ತದ, ಬೂಸ್ಟರಿಗೆ ಕಮ್ಮಿ ಅಂದ್ರ 16 ಬೇಕು. ಪಿಕಪ್ ಬರ್ಲಿ ಅಂತ ಗರಮ್ ಕ್ಯಾಮ್ (ಇಂಜಿನ್ ವಾಲ್ವ್ ಜಾಸ್ತಿ ಹೊತ್ತು ತೆರೆದಿಡೋ ಕ್ಯಾಮ್) ಹಾಕ್ಸಿದ್ರ 10ರ ಆಸುಪಾಸಿಗೆ ಬಂದು ಕುಂದರ್ತದ. ಅದರ ಮ್ಯಾಲ ಎತ್ತರದ ಲೆಕ್ಕ, ಸಾವಿರ ಫೂಟಿಗೆ ಸುಮಾರು ಒಂದು ಇಂಚು ಕಮ್ಮಿ, ಬೀದರ್ ಇರೋದು 2 ಸಾವಿರ ಫೂಟಿನ ಮ್ಯಾಲ, ಹಂಗಾಗಿ ಅಲ್ಲಿಯವರಿಗೆ ಎರಡು ಇಂಚು ಮೊದ್ಲೇ ಹೋತು.

ಡೀಸೆಲ್ ಇಂಜಿನ್ ಹಾಕ್ಸಿದವರ ಕಥಿ ಇನ್ನೂ ಬ್ಯಾರೆ. ಭಾಳಷ್ಟು ಹಳೆ ಡೀಸೆಲ್ಲಿಗೆ ಗಾಳಿ ತಡೆಯೋ ಥ್ರಾಟಲ್ಲೇ ಇರಲ್ಲ, ಅಂದ್ಮ್ಯಾಲ ವ್ಯಾಕ್ಯೂಮ್ ಎಲ್ಲಿಂದ ಬರ್ಬೇಕು? ಅದಕ್ಕ ವ್ಯಾಕ್ಯೂಮ್ ಹುಟ್ಟಿಸೋ ಪಂಪೇ ಬೇಕು. ಮತ್ತ ಬೂಸ್ಟರ್ ಹಾಕುವಾಗ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣಿ ತಳ್ಳೋದು) ದಪ್ಪಂದು ಹಾಕ್ತಾರ, ಪೆಡಲ್ಲಿನ ಲಿವರೇಜೂ (ಕಾಲಿನ ಒತ್ತು ಎಷ್ಟು ಪಟ್ಟು ಆಗ್ತದ ಅನ್ನೋದು) ಕಮ್ಮಿ ಮಾಡ್ತಾರ, ಬೂಸ್ಟರ್ ಇಲ್ಲದ ಗಾಡಿಗೆ 6:1 ಇದ್ರ ಇದಕ್ಕ 4:1. ಹಿಂಗಾಗಿ ವ್ಯಾಕ್ಯೂಮ್ ಇಲ್ಲದ ಬೂಸ್ಟರ್ ಅಂದ್ರ ಬೂಸ್ಟರೇ ಇಲ್ಲದ ಗಾಡಿಗಿಂತ ಕೆಟ್ಟದ್ದು. ಪೆಡಲ್ ಗಟ್ಟಿ ಆಗೋದು ಇದಕ್ಕೇ ಹೊರತು ನಮ್ಮ ಮಾಲಿಗಲ್ಲ.

ಚೆಕ್ ಮಾಡಿದ ಮ್ಯಾಲ ಎಷ್ಟೋ ಗಾಡಿಗೆ ಹೊಸದೇನೂ ಬೇಕಾಗಂಗಿಲ್ಲ, ಹೋಸ್ ಸೀಳಿರ್ತದ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೊರಗಿನ ಗಾಳಿ ಎಳೀತಿರ್ತದ, ಕಿಡಿ ಹಾರೋ ಟೈಮಿಂಗ್ ಹಿಂದ ಬಿದ್ದಿರ್ತದ, ವಾಲ್ವಿನ ಟ್ಯಾಪೆಟ್ ಟೈಟ್ ಇರ್ತಾವ, ಅವಷ್ಟು ಸರಿ ಮಾಡಿದ್ರ ಗೇಜಿನ ಮುಳ್ಳು ಮ್ಯಾಲ ಏರ್ತದ. ಮುಳ್ಳು ಏರಿದ್ರೂ 16ರ ಗಡಿ ಮ್ಯಾಲೇ ನಿಂತ್ರ ಚೆಕ್ ವಾಲ್ವ್ (ಗಾಳಿ ಒಂದೇ ಕಡೆ ಬಿಡೋ ವಾಲ್ವ್) ಇರೋ ವ್ಯಾಕ್ಯೂಮ್ ಟ್ಯಾಂಕ್ ಹಾಕ್ಬಹುದು, ಆದ್ರ ಟ್ಯಾಂಕ್ ಕೂಡಿಡ್ತದ ಅಷ್ಟೇ, ಹುಟ್ಟಿಸಂಗಿಲ್ಲ, ಮೆರವಣಿಗ್ಯಾಗ ಮ್ಯಾಲಿಂದ ಮ್ಯಾಲ ಬ್ರೇಕ್ ಒತ್ತೋ ಮದುವಿ ಗಾಡಿಗೆ ಸಾಲಲ್ಲ. ಡೀಸೆಲ್ಲಿಗೆ ಹಿಂದ ಪಂಪ್ ಇರೋ ಆಲ್ಟರ್ನೇಟರ್ ಛಲೋ. ಕ್ಯಾಮ್ ಬದಲಿಸಿದ ಪೆಟ್ರೋಲಿಗೆ ಕರೆಂಟ್ ಪಂಪ್, ಅದಕ್ಕ ರಿಲೇ, ಫ್ಯೂಸ್, ವ್ಯಾಕ್ಯೂಮ್ ಸ್ವಿಚ್ (ವ್ಯಾಕ್ಯೂಮ್ ಸಾಕಷ್ಟಾದ್ರ ಪಂಪ್ ಬಂದ್ ಮಾಡೋದು) ಇರ್ಲೇಬೇಕು, ಡೈನಮೋ ಇರೋ ಗಾಡಿ ಆದ್ರ ಮೊದ್ಲ ಆಲ್ಟರ್ನೇಟರ್. ಪವರ್ ಸ್ಟೀರಿಂಗ್ ಪಂಪಿನ ಎಣ್ಣಿ ಒತ್ತಡದ ಮ್ಯಾಲ ನಡೆಯೋ ಬೂಸ್ಟರೂ ಅದಾವ, ಭಾಳಷ್ಟು ಹಳೆ ಗಾಡಿಗೆ ಪವರ್ ಸ್ಟೀರಿಂಗೇ ಇರಂಗಿಲ್ಲ, ಬಿಡ್ರಿ. ಮತ್ತ ನಾಕೂ ಗಾಲಿಗೆ ಡ್ರಮ್ ಬ್ರೇಕೇ ಇದ್ರ ನಾವಾಗೇ ಬೂಸ್ಟರ್ ಬ್ಯಾಡ ಅಂತೀವಿ, ಡ್ರಮ್ಮಿನ ಶೂ ತಾನೇ ಕಚ್ಕೋತದ, ಸಣ್ಣ ಬೋರಿನ ಮಾಸ್ಟರ್ ಸಿಲಿಂಡರ್ ಹಾಕಿದ್ರ ಪೆಡಲ್ ಒಂದೀಟು ಉದ್ದ ಹೋಗ್ತದ ಖರೆ, ಕಾಲಿಗೆ ಹಗುರ ಆಗ್ತದ. ಹಿಂಗ ಹೇಳಿ ನಾವೇ ಗಿರಾಕಿ ಕಳಕೊಂಡೀವಿ.

ಈಗ ರೊಕ್ಕದ ಮಾತು. "ಜಿಎಸ್‌ಟಿ ಇಳಿದದ, ನೀವ್ಯಾಕ ಏರ್ಸೀರಿ" ಅಂತ ಕೇಳ್ಲತ್ತಾರ. 2025ರ ಸೆಪ್ಟೆಂಬರ್ 22ರಿಂದ 28 ಇದ್ದ ಪಾರ್ಟ್ಸ್ 18ಕ್ಕೆ ಬಂದಾವ, ಅಷ್ಟೂ ನಿಮಗ ಬಿಟ್ಟೀವಿ, ಹಳೆ ಬಿಲ್ಲು ಹೊಸ ಬಿಲ್ಲು ಎರಡೂ ಇಟ್ಟು ನೋಡ್ರಿ. ಲೇಬರ್ ಮ್ಯಾಲ ಮೊದ್ಲೂ 18, ಈಗೂ 18. ಪಂಪ್ ಹೈದರಾಬಾದಿನಿಂದ ಪಾರ್ಸಲ್ ಬರ್ತದ, ಆ ಬಾಡಿಗಿ ಯಾರೂ ಕೇಳಂಗಿಲ್ಲ. ಮೊಬೈಲಿನಾಗ ಅರ್ಧ ರೇಟಿನ ಪಂಪ್ ತೋರಿಸ್ತಾರ, ಅದಕ್ಕ ಸ್ವಿಚ್ ಇರಲ್ಲ, ಕೀ ಹಾಕಿದಾಗಿಂದ ಒಂದೇ ಸವನ ತಿರುಗಿ ತಿರುಗಿ ಸುಡ್ತದ. ಗುಜರಿ ಬೂಸ್ಟರ್ ನೀವೇ ತಂದ್ರೂ ನಾವು ಕೂಡಿಸಂಗಿಲ್ಲ, ಒಳಗಿನ ರಬ್ಬರ್ ಎಂಥದ್ದದ ಅಂತ ಹೊರಗಿಂದ ಯಾರಿಗೂ ಕಾಣಂಗಿಲ್ಲ, ನಾಳೆ ಬ್ರೇಕ್ ಹತ್ತಲಿಲ್ಲಂದ್ರ ಹೆಸರು ಮಾತ್ರ ನಮ್ದು. ಇನ್ನ ಆ 600, ಅದು ಗೇಜ್ ಹಚ್ಚೋ ಐದು ನಿಮಿಷದ್ದಲ್ಲ, ಟ್ಯಾಪೆಟ್, ಟೈಮಿಂಗ್, ಹೋಸ್ ಎಲ್ಲಾ ನೋಡಿ ಮುಗಿಸೋದ್ರಾಗ ಒಬ್ಬ ಹುಡುಗನ ಅರ್ಧ ದಿನ ಹೋಗ್ತದ, ಅವನ ಪಗಾರ ಯಾರು ಕೊಡ್ಬೇಕು? ಕೆಲಸ ನಮ್ಮಲ್ಲೇ ಮಾಡ್ಸಿದ್ರ ಬಿಲ್ಲಿನಾಗ 600 ಕಳೀತೀವಿ.

ಅಡ್ವಾನ್ಸ್ ಕೊಟ್ಟವರಿಗೆ ಹಳೆ ರೇಟೇ, ಚೆಕಿಂಗ್ ಫ್ರೀ. ನಮ್ಮಲ್ಲಿ ಮೊದ್ಲ ಬೂಸ್ಟರ್ ಹಾಕ್ಸಿದವರು ಮನ್ಯಾಗೇ ನೋಡ್ಕೋರಿ, ಇಂಜಿನ್ ಬಂದ್ ಇದ್ದಾಗ ಪೆಡಲ್ ನಾಕೈದು ಸಲ ಒತ್ರಿ, ಆಮ್ಯಾಲ ಒತ್ತಿ ಹಿಡಿದೇ ಸ್ಟಾರ್ಟ್ ಮಾಡ್ರಿ, ಪೆಡಲ್ ಒಂದೀಟು ಕೆಳಗ ಇಳೀಬೇಕು. ಇಳೀಲಿಲ್ಲಂದ್ರ ಅದನ್ನ ಓಡಿಸ್ಕೋತ ಬರಬ್ಯಾಡ್ರಿ, ಫೋನ್ ಹಚ್ರಿ, ಕಲಬುರಗಿ ಊರಾಗ ಇದ್ರ ನಾವೇ ಬರ್ತೀವಿ, ಯಾದಗಿರಿ, ಬೀದರ್ ಕಡೆಯವರು ಟೋ ಮಾಡಿಸ್ಕೊಂಡು ಬರ್ರಿ. ಸೋಮವಾರ ಗ್ಯಾರೇಜ್ ಬಂದ್ ಇರ್ತದ.

ನಿಮ್ಮ ಗ್ಯಾರೇಜಿನವರು, ಕಲಬುರಗಿ